ಟರ್ಕಿ ರೆಕ್ಕೆ ಮೂಳೆಯ ಪೀಪಿ: ಬರೀ ಗಾಳಿ ಬರುತ್ತಿದ್ದದ್ದು ಸರಿಹೋಯಿತು

ಅಮೆರಿಕದ ಕಾಡು ಟರ್ಕಿ ಕೋಳಿ ಬೇಟೆಗಾರರು, ಹೇಂಟೆಯಂತೆ ಕೂಗಿ ಹುಂಜವನ್ನು ಕರೆಯಲು, ಹೇಂಟೆಯ ರೆಕ್ಕೆಯ 3 ಮೂಳೆ ಜೋಡಿಸಿ ಮಾಡುವ ಪೀಪಿ ಇದು. ಸಣ್ಣದು ಬಾಯಿಗೆ, ನಡುವಿನದು ಅದರ ಮುಂದೆ, ತೋಳಿನ ದಪ್ಪ ಮೂಳೆ ತುದಿಗೆ. ನಾನು ಮಾಡಿದ್ದರಲ್ಲಿ ಕೂಗು ಹೊರಡದೆ ಬರೀ 'ಸುಸ್' ಎನ್ನುತ್ತಿತ್ತು.

ಮೊದಲು ತುಟಿಯ ತಪ್ಪೆಂದುಕೊಂಡೆ. ತಪ್ಪಿದ್ದದ್ದು ಸಂದಿನಲ್ಲಿ. ದಪ್ಪ ತುದಿಗೆ ಬೆರಳು ಒತ್ತಿ, ಬಾಯಿಂದ ಎಳೆದು ನೋಡಿ: ಪೀಪಿ ನಾಲಿಗೆಯನ್ನು ಹೀರಿ ಹಿಡಿಯಬೇಕು. ಹಿಡಿಯದಿದ್ದರೆ ನೀರಲ್ಲಿ ಮುಳುಗಿಸಿ ಊದಿ, ಗುಳ್ಳೆ ಏಳುವ ಕಡೆ ಸೋರಿಕೆ.

ಅಂಟು ಬಿಟ್ಟಿದ್ದು ಜಿಡ್ಡಿನಿಂದ. ಮೂಳೆಯ ಎರಡೂ ತುದಿ ಕೊಯ್ದು, ಪಾತ್ರೆ ತೊಳೆಯುವ ಸೋಪು ಹಾಕಿದ ನೀರಲ್ಲಿ ಸಣ್ಣ ಉರಿಯಲ್ಲಿ ಇಡಿ. ಕೊತಕೊತ ಕುದಿಸಿದರೆ ಮೂಳೆ ಮೆತ್ತಗಾಗುತ್ತದೆ. ಒಳಗಿನದನ್ನೆಲ್ಲ ತಂತಿಯಿಂದ ಕೆರೆದು ತೆಗೆದು, 3% ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಒಂದು ರಾತ್ರಿ ನೆನೆಸಿ, ಚೆನ್ನಾಗಿ ಒಣಗಿಸಿ. ಬ್ಲೀಚ್ ಬೇಡವೇ ಬೇಡ, ಮೂಳೆ ಪುಡಿಪುಡಿಯಾಗುತ್ತದೆ.

ಮೂಳೆಯ ತೂತು ದುಂಡಗಿರುವುದಿಲ್ಲ, ಹಾಗಾಗಿ ಬರೀ ತುರುಕಿದರೆ ಕೂರದು. ಸಣ್ಣ ಅರದಿಂದ ಉಜ್ಜಿ ಸುಮಾರು ಕಾಲು ಇಂಚು ಒಳಹೋಗುವಂತೆ ಮಾಡಿ, ತುದಿಗೆ ನೂಲು ಸುತ್ತಿ, ಎಪಾಕ್ಸಿ ಅಂಟು ತುಂಬಿ. ಅಂಟು ಒಳನಾಳಕ್ಕೆ ಇಳಿದರೆ ದನಿ ಸತ್ತೇ ಹೋಗುತ್ತದೆ. ಒಂದು ದಿನ ಮುಟ್ಟಬೇಡಿ.

ಊದುವುದಲ್ಲ, ಲೊಚಗುಟ್ಟಿದಂತೆ ಉಸಿರು ಒಳಗೆಳೆಯಬೇಕು. ಈಗ ಎಳೆದರೆ ತೆಳ್ಳಗೆ ಶುರುವಾಗಿ ಕೊನೆಗೆ ಗೊಗ್ಗರಾಗಿ ಒಡೆಯುತ್ತದೆ, ಹೇಂಟೆ ಕರೆದ ಹಾಗೆಯೇ. ಕಾಡಲ್ಲಿ ಮಾತ್ರ ಭುಜಕ್ಕಿಂತ ಅಗಲದ ಮರಕ್ಕೆ ಬೆನ್ನು ಕೊಟ್ಟು ಕೂತೇ ಕರೆಯಿರಿ: ಆ ದನಿಗೆ ಬೇರೆ ಬೇಟೆಗಾರರೂ ಬರುತ್ತಾರೆ, ಹಕ್ಕಿಯೆಂದು ಹಿಂದಿನಿಂದ ಗುಂಡು ಹಾರಿಸಿದರೆ ಮರ ಅಡ್ಡವಿರುತ್ತದೆ.