ಕಷಾಯ ಯಾವ ಕೆಮ್ಮಿಗೆ, ಆಡುಸೋಗೆ ಯಾವ ಕೆಮ್ಮಿಗೆ

ನಮ್ಮ ಮಲೆನಾಡಿನಲ್ಲಿ ದೀಪಾವಳಿ ಮುಗಿದು ಇಬ್ಬನಿ ಜಾಸ್ತಿಯಾಯಿತೆಂದರೆ ಮನೆಮನೆಯಲ್ಲೂ ಕೆಮ್ಮು. ಅಡಿಕೆ ಕೊಯ್ಲೂ ಆಗಲೇ, ಮಲಗಿ ಕೂರಲು ಯಾರಿಗೂ ಪುರುಸೊತ್ತಿಲ್ಲ. ಹಾಗಾಗಿ ಮೊದಲೇ ಕಷಾಯದ ಪುಡಿ ಮಾಡಿಟ್ಟುಕೊಳ್ಳುತ್ತೇನೆ.

ಕೊತ್ತಂಬರಿ ಬೀಜ 1 ಲೋಟ, ಜೀರಿಗೆ ಅರ್ಧ ಲೋಟ, ಕಾಳುಮೆಣಸು 2 ಚಮಚ, ಮೆಂತ್ಯ 1 ಚಮಚ, ಬೆರಳುದ್ದ ಒಣಶುಂಠಿ, ನಾಲ್ಕೈದು ಏಲಕ್ಕಿ. ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಸುರಿಯಬೇಡಿ. ಕೊತ್ತಂಬರಿ ಬಿಸಿಯಾಗುವಷ್ಟರಲ್ಲಿ ಜೀರಿಗೆ ಸೀದಿರುತ್ತದೆ. ಸಣ್ಣ ಉರಿಯಲ್ಲಿ ಒಂದೊಂದನ್ನೇ ಘಮ ಬರುವವರೆಗೆ ಹುರಿಯಿರಿ. ಶುಂಠಿಯನ್ನು ಕುಟ್ಟಾಣಿಯಲ್ಲಿ ಜಜ್ಜಿಕೊಂಡೇ ಮಿಕ್ಸಿಗೆ ಹಾಕಿ.

1 ಲೋಟ ನೀರಿಗೆ 1 ಚಮಚ ಪುಡಿ, ಸ್ವಲ್ಪ ಬೆಲ್ಲ ಹಾಕಿ ಐದು ನಿಮಿಷ ಕುದಿಸಿದರೆ ಸಾಕು. ಹಾಲು ಬೇಕಿದ್ದರೆ ಒಲೆ ಆರಿಸಿದ ಮೇಲೆ. ಬೆಲ್ಲದ ಜೊತೆ ಕುದಿಸಿದರೆ ಹಾಲು ಒಡೆಯುತ್ತದೆ, ಅಲ್ವಾ? ಗಂಟಲು ಕೆರೆತ, ಮೂಗು ಕಟ್ಟಿದ್ದು, ಮೈ ಭಾರ, ಇವಕ್ಕೆ ಇದು ನಿಜಕ್ಕೂ ಹಿತ. ಆದರೆ ನೆಗಡಿ ವೈರಸ್‌ನಿಂದ ಬರುವುದು. ಕಷಾಯ ಅದನ್ನು ಕೊಲ್ಲುವುದಿಲ್ಲ, ನೆಗಡಿ ತಾನಾಗಿ ಹೋಗುವವರೆಗೆ ನಮಗೆ ಆರಾಮ ಕೊಡುತ್ತದೆ ಅಷ್ಟೇ.

ಎದೆಯಲ್ಲಿ ಕಫ ಕಟ್ಟಿ ಗೊರಗೊರ ಅನ್ನುವ ಕೆಮ್ಮೇ ಬೇರೆ. ಅದಕ್ಕೆ ನಾನು ಹೋಗುವುದು ಬೇಲಿಯ ಆಡುಸೋಗೆ ಹತ್ತಿರ. ಕಹಿ ಅಂತ ದನ ಇದಕ್ಕೆ ಬಾಯಿ ಹಾಕುವುದಿಲ್ಲ, ಅದಕ್ಕೇ ಬೇಲಿಗೆ ನೆಡುತ್ತಾರೆ. ಬಲಿತ ಎಲೆ ಕೊಯ್ದು ತೊಳೆಯಿರಿ. ಹಸಿ ಎಲೆ ಜಜ್ಜಿದರೆ ರಸ ಬರುವುದೇ ಇಲ್ಲ. ಇಡ್ಲಿ ಪಾತ್ರೆಯಲ್ಲಿ ಹತ್ತು ನಿಮಿಷ ಹಬೆಗಿಟ್ಟು, ಬಿಸಿ ಇರುವಾಗಲೇ ಜಜ್ಜಿ ಬಟ್ಟೆಯಲ್ಲಿ ಹಿಂಡಿ. ಆರಿದ ಮೇಲೆ 1 ಚಮಚ ರಸಕ್ಕೆ 1 ಚಮಚ ಜೇನುತುಪ್ಪ. ದೊಡ್ಡವರಿಗೆ ಬೆಳಿಗ್ಗೆ, ಸಂಜೆ, ಮೂರು ದಿನ ಕೊಡುತ್ತೇನೆ. ಕಫ ಸಡಿಲವಾಗಿ ಹೊರಗೆ ಬರುತ್ತದೆ. ಈ ಎಲೆಯಲ್ಲಿ ವ್ಯಾಸಿಸಿನ್ ಎಂಬ ಅಂಶವಿದೆ. ಕೆಮ್ಮಿನ ಸಿರಪ್‌ಗಳಲ್ಲಿ ಬರುವ ಬ್ರೋಮ್‌ಹೆಕ್ಸಿನ್ ಅನ್ನು ಅದರ ಮಾದರಿಯಲ್ಲೇ ತಯಾರಿಸಿದ್ದು.

ಇಷ್ಟು ಬಲ ಇರುವ ಸೊಪ್ಪನ್ನು ಸುಮ್ನೆ ಎಲ್ಲರಿಗೂ ಕುಡಿಸುವಂತಿಲ್ಲ. ಗರ್ಭಿಣಿಯರಿಗೆ ಬೇಡವೇ ಬೇಡ, ಇದು ಗರ್ಭಕೋಶವನ್ನು ಹಿಂಡುತ್ತದೆ. ಕೂಸುಗಳಿಗೆ ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುವ ರೂಢಿ ನಮ್ಮ ಕಡೆ ಇದೆ. ಅದನ್ನು ನಮ್ಮ ಮನೆಯಲ್ಲಿ ನಾನೇ ನಿಲ್ಲಿಸಿದೆ. ಜೇನಿನಲ್ಲಿ ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ತರುವ ಬ್ಯಾಕ್ಟೀರಿಯಾ ಇರಬಹುದು, 1 ವರ್ಷ ತುಂಬದ ಮಗುವಿಗೆ ಅದನ್ನು ತಡೆಯುವ ಶಕ್ತಿ ಇರುವುದಿಲ್ಲ. ಕೆಮ್ಮಿದಾಗ ರಕ್ತ ಕಂಡರೆ, ಉಸಿರು ಕಟ್ಟಿದರೆ, ಕೆಮ್ಮು ಎರಡು ವಾರ ದಾಟಿದರೆ ಇದ್ಯಾವುದೂ ಬೇಡ, ನೇರ ಆಸ್ಪತ್ರೆಗೆ ಹೋಗಿ. ಎರಡು ವಾರದ ಕೆಮ್ಮಿಗೆ ಕ್ಷಯದ ಪರೀಕ್ಷೆ ಆಗಲೇಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ.

ಆಡುಸೋಗೆ ರಸವನ್ನು ಆಯಾ ದಿನವೇ ಹಿಂಡಿಕೊಳ್ಳಿ. ಕಷಾಯದ ಪುಡಿ ಪೂರ್ತಿ ಆರಿದ ಮೇಲೆ ಗಾಜಿನ ಬಾಟಲಿಗೆ ತುಂಬಿ, ಒದ್ದೆ ಚಮಚ ಹಾಕಬೇಡಿ.