ಇಂಗ್ಲೆಂಡಿನ ಹಳೆಯ ಬೆಳ್ಳಿ ಒಳಲೆ: ಕೊಳ್ಳುವ ಮೊದಲು ಹೀಗೆ ನೋಡಿ

18ನೇ ಶತಮಾನದ ಇಂಗ್ಲೆಂಡಿನಲ್ಲಿ ಬ್ರೆಡ್ಡನ್ನು ಹಾಲಿನಲ್ಲೋ ನೀರಿನಲ್ಲೋ ನೆನೆಸಿ, ಕಿವುಚಿ ಮಕ್ಕಳಿಗೂ ರೋಗಿಗಳಿಗೂ ಕುಡಿಸುತ್ತಿದ್ದರು. ಅದಕ್ಕೆಂದೇ ಇದ್ದ ಪುಟ್ಟ ಪಾತ್ರೆ ಪ್ಯಾಪ್ ಬೋಟ್. ನಮ್ಮ ಒಳಲೆಯ ಹಾಗೇ ಇರುತ್ತದೆ. ಹಿಡಿಯಿಲ್ಲ, ಕಾಲಿಲ್ಲ, ಒಂದು ಕಡೆ ಚಾಚಿದ ಮೂತಿ. ಹೆಚ್ಚಿನವು 10ರಿಂದ 13 ಸೆಂ.ಮೀ. ಉದ್ದ. ಹಾಲಿನ ಬಾಟಲಿ ಬಂದ ಮೇಲೆ ಇದಕ್ಕೆ ಕೆಲಸ ಇಲ್ಲವಾಯಿತು. ಎಷ್ಟೋ ಒಳಲೆಗಳಿಗೆ ಹಿಡಿ, ಮೂರು ಕಾಲು ಬೆಸೆದು ‘ಸಾಸ್ ಬೋಟ್’, ಅಂದರೆ ಊಟದ ಮೇಜಿನಲ್ಲಿ ಸಾಸ್ ಸುರಿಯುವ ಪಾತ್ರೆ, ಎಂದು ಮಾರಿದರು. ಜನ ಇವತ್ತಿಗೂ ಮೋಸಹೋಗುವುದು ಇದರಲ್ಲೇ.

ಮೊದಲು ಹಾಲ್‌ಮಾರ್ಕ್ ಓದಿ. ನಡೆಯುವ ಸಿಂಹ ಅಂದರೆ 92.5% ಬೆಳ್ಳಿ. ತೆರಿಗೆಯ ಗುರುತಾದ ರಾಜ ಅಥವಾ ರಾಣಿಯ ತಲೆ ಇದ್ದರೆ 1784–1890ರ ನಡುವಿನದು.

ಎರಡನೆಯದಕ್ಕೆ ಅವಸರ ಬೇಡ. ಹಿಡಿ, ಕಾಲು ಸೇರುವ ಜಾಗದ ಮೇಲೆ ‘ಹಾ’ ಎಂದು ಉಸಿರು ಬಿಡಿ. ಮಂಜು ಕಟ್ಟಿದಾಗ ಬೆಸುಗೆಯ ಗೆರೆ, ತೇಪೆ ಎದ್ದು ಕಾಣುತ್ತವೆ. ಬೆಸುಗೆ ಕಂಡ ಮಾತ್ರಕ್ಕೆ ಮೋಸ ಅನ್ನಬೇಡಿ, ಅಸಲಿ ಸಾಸ್ ಬೋಟಿಗೂ ಕಾಲನ್ನು ಬೆಸೆದೇ ಕೂರಿಸುತ್ತಿದ್ದರು. ಹಾಗಾಗಿ ಆಕಾರವನ್ನೂ ನೋಡಬೇಕು. ಅಸಲಿಯದು ಆಳ ಜಾಸ್ತಿ, ಮೂತಿ ಮೇಲಕ್ಕೆ ಎದ್ದಿರುತ್ತದೆ. ಪಾತ್ರೆ ಪುಟ್ಟದು, ಆಳ ಕಡಿಮೆ, ಮೂತಿ ಅಂಚಿನ ಮಟ್ಟಕ್ಕೇ ಇದ್ದರೆ ಅನುಮಾನಪಡಿ. ಕಾಲು ಹಾಲ್‌ಮಾರ್ಕಿನ ಮೇಲೇ ಕೂತಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಮುದ್ರೆ ಬಿದ್ದ ಮೇಲೆ ಕಾಲು ಬಂದಿದೆ ಎಂದೇ ಅರ್ಥ, ಅಲ್ವಾ? ಬ್ರಿಟನ್ನಿನಲ್ಲಿ ಬೆಳ್ಳಿಯನ್ನು ಪರೀಕ್ಷಿಸಿ ಹಾಲ್‌ಮಾರ್ಕ್ ಒತ್ತುವ ಅಸ್ಸೇ ಕಚೇರಿಯ ಒಪ್ಪಿಗೆಯಿಲ್ಲದೆ ಹೀಗೆ ಸೇರಿಸುವುದು ಕಾನೂನಿಗೆ ವಿರುದ್ಧ. ‘ಹಳೇ ಕಾಲದ ರಿಪೇರಿ’ ಎಂಬ ಸಮಜಾಯಿಷಿಗೆ ಬೆಲೆ ಕೊಡಬೇಡಿ.

ಇನ್ನು ಹೊಟ್ಟೆಯ ಭಾಗವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ಒಂದೇ ಜಾಗ ತೆಳುವಾಗಿ ಬಗ್ಗಿದರೆ ಹಳೆಯ ಹೆಸರನ್ನೋ ಲಾಂಛನವನ್ನೋ ಉಜ್ಜಿ ಅಳಿಸಿರಬಹುದು. ಹೆಸರು ಕೆತ್ತಿದ್ದೇ ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ.

ತೊಳೆಯಲು ಬೆಚ್ಚಗಿನ ನೀರು, ಸ್ವಲ್ಪ ಸೋಪು, ಮೆತ್ತನೆಯ ಹತ್ತಿ ಬಟ್ಟೆ ಸಾಕು. ಟೂತ್‌ಪೇಸ್ಟ್ ಹಚ್ಚಿ ತಿಕ್ಕಿದರೆ ಹಾಲ್‌ಮಾರ್ಕ್ ಸವೆಯುತ್ತದೆ. ಅದ್ದಿ ತೆಗೆಯುವ ದ್ರಾವಣವನ್ನಂತೂ ಮನೆಗೇ ತರಬೇಡಿ. ಕೆತ್ತನೆಯ ಸಂದಿನಲ್ಲಿ ಇರಬೇಕಾದ ಕಪ್ಪೂ ಹೋಗಿ ಪಾತ್ರೆ ಪೇಲವವಾಗುತ್ತದೆ.

ಈಗ ಇದರಲ್ಲಿ ಮಗುವಿಗೆ ಕುಡಿಸಬೇಡಿ, ಹಳೆಯ ರಿಪೇರಿಯ ಬೆಸುಗೆಯಲ್ಲಿ ಸೀಸ ಇರಬಹುದು. ರಿಪೇರಿ ಆಗಿಲ್ಲದ್ದಾದರೆ ಊಟದ ಮೇಜಿನ ಮೇಲೆ ಕ್ರೀಮಿಗೆ ಚೆನ್ನ. ಉಪ್ಪು ಬೆಳ್ಳಿಯನ್ನು ತಿನ್ನುತ್ತದೆ, ಮೊಟ್ಟೆ ಕಪ್ಪಾಗಿಸುತ್ತದೆ. ಅಂಥ ಸಾಸ್ ಹಾಕಿದ್ದರೆ ಊಟ ಮುಗಿದ ಕೂಡಲೇ ತೊಳೆದು ಒರೆಸಿಡಿ.