ನನ್ನ ಹೆಸರಿನ ಡೊಮೇನ್: ಮೊದಲ ವರ್ಷದ ದರ ಬಿಟ್ಟು ಎರಡನೇ ವರ್ಷದ ದರ ನೋಡಿದೆ

ಗದಗದಲ್ಲಿ ನಾನು ಪುಸ್ತಕಗಳ ಡಿಟಿಪಿ ಮಾಡುತ್ತೇನೆ. ಪುಟ ಕಟ್ಟುವುದು, ಮುಖಪುಟ, ಸೀಸನ್ ಬಂದರೆ ಲಗ್ನಪತ್ರಿಕೆ. ಪ್ರೆಸ್ಸುಗಳ ಊರು ಇದು. ಹುಬ್ಬಳ್ಳಿ, ಹಾವೇರಿ, ಬೆಂಗಳೂರಿನಿಂದಲೂ ಕೆಲಸ ಬರುತ್ತದೆ. ದೂರದವರಿಗೆ ಮಾದರಿ ತೋರಿಸಲು ಒಂದು ವೆಬ್ ಪುಟ ಇಟ್ಟುಕೊಂಡಿದ್ದೆ. ದೊಡ್ಡ ಕಂಪನಿಯೊಂದು ಪುಕ್ಕಟೆ ಕೊಟ್ಟ ಪುಟ ಅದು. 2024ರಲ್ಲಿ ಆ ಕಂಪನಿ ಸೇವೆಯನ್ನೇ ನಿಲ್ಲಿಸಿತು. ವಿಸಿಟಿಂಗ್ ಕಾರ್ಡಿನಲ್ಲೂ ಕೆಲವು ಪುಸ್ತಕಗಳ ಹಿಂಬದಿಯಲ್ಲೂ ಆ ವಿಳಾಸ ಅಚ್ಚಾಗಿ ಕೂತಿತ್ತು. ಅಚ್ಚಾದದ್ದನ್ನು ತಿದ್ದೋಕೆ ಆಗಲ್ಲ ಅಲ್ವಾ? ಇನ್ನು ಮುಂದೆ ಕಾಗದದ ಮೇಲೆ ಹೋಗುವ ವಿಳಾಸ ನನ್ನದೇ ಆಗಿರಬೇಕು ಎಂದು ಆಗ ಗಟ್ಟಿ ಮಾಡಿದೆ. ಪುಟ ಎಲ್ಲಿ ಬೇಕಾದರೂ ಇರಲಿ, ಹೆಸರು, ಅಂದರೆ ಡೊಮೇನ್, ನನ್ನ ಕೈಯಲ್ಲಿ ಇರಬೇಕು.

ಹೆಸರು ಆರಿಸಲು ಜಾಸ್ತಿ ಹೊತ್ತು ಹಿಡಿಯಿತು. ಫೋನಿನಲ್ಲಿ ಒಂದೇ ಸಲ ಹೇಳಿದರೆ ಎದುರಿನವರು ಸರಿಯಾಗಿ ಬರೆದುಕೊಳ್ಳಬೇಕು. ಇದೊಂದೇ ನನ್ನ ಪರೀಕ್ಷೆ. ನಮ್ಮ ಕಡೆಯ ಹೆಸರುಗಳಿಗೆ ಇಂಗ್ಲಿಷಿನಲ್ಲಿ ಒಂದೇ ಸ್ಪೆಲ್ಲಿಂಗ್ ಇರುವುದಿಲ್ಲ. ಪಾಟೀಲ ಅಂದರೆ ಒಬ್ಬರು ಒಂದು ಐ ಹಾಕುತ್ತಾರೆ, ಇನ್ನೊಬ್ಬರು ಎರಡು ಇ ಹಾಕುತ್ತಾರೆ. ನನ್ನ ಹೆಸರನ್ನು ನಾಲ್ಕಾರು ಗೆಳೆಯರಿಗೆ ಫೋನಿನಲ್ಲಿ ಹೇಳಿ, ಬರೆದು ವಾಟ್ಸಾಪ್ ಮಾಡಿ ಎಂದೆ. ಎಲ್ಲರೂ ಒಂದೇ ಥರ ಬರೆದದ್ದನ್ನು ಉಳಿಸಿಕೊಂಡೆ. ಅಡ್ಡಗೆರೆ ಇರುವ ಹೆಸರುಗಳನ್ನು ಮೊದಲೇ ಬಿಟ್ಟೆ, ಅಂಕಿ ಇರುವುದನ್ನೂ ಬಿಟ್ಟೆ. ಊರಿನ ಹೆಸರು ಸೇರಿಸುವ ಆಸೆ ಇತ್ತು. ಆದರೆ ಹುಬ್ಬಳ್ಳಿಯ ಇಂಗ್ಲಿಷ್ ಸ್ಪೆಲ್ಲಿಂಗ್ 2014ರ ನವೆಂಬರ್ 1ರಂದು ಬದಲಾಯಿತಲ್ಲ, ಹಳೇ ಸ್ಪೆಲ್ಲಿಂಗಿನಲ್ಲಿ ಡೊಮೇನ್ ಇಟ್ಟುಕೊಂಡವರು ಈಗಲೂ ಗಿರಾಕಿಗಳಿಗೆ ವಿವರಿಸಿ ಹೇಳಬೇಕಾಗುತ್ತದೆ. ಹಾಗಾಗಿ ಬರೀ ಹೆಸರು ಸಾಕು ಅನ್ನಿಸಿತು.

ಡಾಟ್ ಕಾಮ್ ಇರಬೇಕೋ ಡಾಟ್ ಇನ್ ಇರಬೇಕೋ? ಎರಡೂ ಖಾಲಿ ಇದ್ದವು, ಎರಡನ್ನೂ ತಗೊಂಡೆ. ಡಾಟ್ ಕಾಮ್ ಹೆಸರುಗಳ ಮೂಲ ದಾಖಲೆ ಅಮೆರಿಕದ ವೆರಿಸೈನ್ ಕಂಪನಿಯ ಬಳಿ ಇರುತ್ತದೆ. ಡಾಟ್ ಇನ್ ದಾಖಲೆ ನೋಡಿಕೊಳ್ಳುವುದು ನಮ್ಮ ದೇಶದ ನಿಕ್ಸಿ, ಅಂದರೆ ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ. 2005ರಲ್ಲಿ ನಿಯಮ ಸಡಿಲಿಸಿದ ಮೇಲೆ ಡಾಟ್ ಇನ್ ಯಾರು ಬೇಕಾದರೂ ತಗೋಬಹುದು. ಈ ಇಬ್ಬರೂ ನಮಗೆ ನೇರವಾಗಿ ಮಾರುವುದಿಲ್ಲ. ನಡುವೆ ರಿಜಿಸ್ಟ್ರಾರ್ ಎಂಬ ಕಂಪನಿ ಬೇಕು. ಗೋಡ್ಯಾಡಿ, ಬಿಗ್‌ರಾಕ್, ನೇಮ್‌ಚೀಪ್, ಕ್ಲೌಡ್‌ಫ್ಲೇರ್ ಇವೆಲ್ಲ ಅಂಥವು. ಡಾಟ್ ಕಾಮ್ ಮಾರುವವರಿಗೆ ಜಗತ್ತಿನ ಡೊಮೇನ್ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಮಾನ್ಯತೆ ಇರಬೇಕು, ಡಾಟ್ ಇನ್ ಮಾರುವವರಿಗೆ ನಿಕ್ಸಿಯದು. ಮಾನ್ಯತೆ ಇರುವವರ ಪಟ್ಟಿಗಳು ಅವರವರ ತಾಣದಲ್ಲೇ ಸಿಗುತ್ತವೆ. ನಾನು ಅಲ್ಲಿಂದಲೇ ಹುಡುಕಲು ಶುರು ಮಾಡಿದೆ.

ರಿಜಿಸ್ಟ್ರಾರ್ ಆರಿಸುವಾಗ ಎಲ್ಲರ ಕಣ್ಣೂ ಮೊದಲ ವರ್ಷಕ್ಕೆ 99 ರೂಪಾಯಿ ಎನ್ನುವ ಜಾಹೀರಾತಿನ ಮೇಲೆ ಹೋಗುತ್ತದೆ. ಇಲ್ಲಿ ಒಂದು ಲೆಕ್ಕ ಗೊತ್ತಿದ್ದರೆ ಸಾಕು. ಒಂದು ಡಾಟ್ ಕಾಮ್‌ಗೆ ವರ್ಷಕ್ಕೆ ವೆರಿಸೈನ್ ರಿಜಿಸ್ಟ್ರಾರ್‌ಗಳಿಂದ ತಗೊಳ್ಳುವ ಸಗಟು ದರ 2024ರ ಸೆಪ್ಟೆಂಬರ್‌ನಲ್ಲಿ 10.26 ಡಾಲರ್ ಆಯಿತು. ನಮ್ಮ ದುಡ್ಡಿನಲ್ಲಿ ಎಂಟುನೂರು ರೂಪಾಯಿ ದಾಟಿತು. ಅದರ ಮೇಲೆ ಐಕ್ಯಾನ್‌ನ ಸಣ್ಣ ಶುಲ್ಕ, ನಮಗೆ 18% ಜಿಎಸ್‌ಟಿ. ಹಾಗಿದ್ದ ಮೇಲೆ 99ಕ್ಕೆ ಕೊಡುವವನು ಮೊದಲ ವರ್ಷ ಕೈಯಿಂದ ಹಾಕಿ ಕೊಡುತ್ತಿದ್ದಾನೆ. ಅದನ್ನು ಎರಡನೇ ವರ್ಷದಿಂದ ವಸೂಲಿ ಮಾಡಿಯೇ ಮಾಡುತ್ತಾನೆ. ಅದಕ್ಕೇ ನಾನು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಪ್ರತಿ ಕಂಪನಿಯ ರಿನ್ಯೂವಲ್ ದರ ಮಾತ್ರ ಬರೆದುಕೊಂಡೆ. ಮೊದಲ ವರ್ಷದ ದರ ಬರೆಯಲೇ ಇಲ್ಲ. ಹಾಗೆ ನೋಡಿದರೆ ಅಗ್ಗ ಕಂಡವು ದುಬಾರಿಯಾದವು, ದುಬಾರಿ ಕಂಡ ಒಂದೆರಡು ಅಗ್ಗವಾದವು.

ದರದ ಪುಟದಲ್ಲಿ ರಿನ್ಯೂವಲ್ ದರ ಎದ್ದು ಕಾಣುವುದಿಲ್ಲ. ಕಾರ್ಟಿಗೆ ಹಾಕಿದ ಮೇಲೆ ಸಣ್ಣ ಅಕ್ಷರದಲ್ಲಿ ಬರುತ್ತದೆ. ಅದೇ ಪುಟದಲ್ಲಿ ಇನ್ನೂ ಏನೇನೋ ಸೇರಿಕೊಂಡಿರುತ್ತದೆ. ನಾನು ನೋಡಿದ ಒಂದು ಕಾರ್ಟಿನಲ್ಲಿ ಇಮೇಲ್ ಪ್ಲಾನ್, ವೆಬ್‌ಸೈಟ್ ಬಿಲ್ಡರ್, ಎಸ್‌ಎಸ್‌ಎಲ್, ಪ್ರೈವಸಿ ಎಂದು ಸಾಲಾಗಿ ಇದ್ದವು. ಅವಧಿ ತಾನಾಗಿ ಮೂರು ವರ್ಷ ಎಂದು ಇತ್ತು. ಒಂದೊಂದನ್ನೇ ತೆಗೆದುಹಾಕಿ, ಅವಧಿ ಒಂದು ವರ್ಷ ಮಾಡಿದರೆ ಮೊತ್ತ ಸರಸರ ಇಳಿಯಿತು. ತಾಣಕ್ಕೂ ಓದುಗರಿಗೂ ನಡುವೆ ಹೋಗುವ ಮಾಹಿತಿಯನ್ನು ಗುಟ್ಟಾಗಿ ಇಡುವ ಎಸ್‌ಎಸ್‌ಎಲ್ ಸರ್ಟಿಫಿಕೇಟಿಗೆ ದುಡ್ಡು ಕೊಡಬೇಕಿಲ್ಲ, ಲೆಟ್ಸ್ ಎನ್‌ಕ್ರಿಪ್ಟ್ ಪುಕ್ಕಟೆ ಕೊಡುತ್ತದೆ. ಪ್ರೈವಸಿ ಅಂದರೆ ಮಾಲೀಕರ ವಿಳಾಸ, ಫೋನ್ ಹೊರಗಿನವರಿಗೆ ಕಾಣದಂತೆ ಮುಚ್ಚುವ ಸೇವೆ. ಡಾಟ್ ಕಾಮ್‌ಗೆ ಅದನ್ನು ಬಹಳಷ್ಟು ಕಂಪನಿಗಳು ಪುಕ್ಕಟೆ ಕೊಡುತ್ತವೆ. ಡಾಟ್ ಇನ್‌ಗೆ ಆ ಸೇವೆ ಬಳಸಲು ನಿಕ್ಸಿಯ ಅನುಮತಿ ಇಲ್ಲ. ಹೀಗಾಗಿ ಡಾಟ್ ಇನ್‌ಗೆ ಮನೆಯ ವಿಳಾಸದ ಬದಲು ಅಂಗಡಿಯ ವಿಳಾಸ ಕೊಟ್ಟೆ. ಆಮೇಲೆ ಡೊಮೇನ್‌ನ ದಾಖಲೆ ಹುಡುಕಿ ನೋಡಿದರೆ ಹೊರಗಿನವರಿಗೆ ರಾಜ್ಯ, ದೇಶ ಮಾತ್ರ ಕಾಣುತ್ತಿತ್ತು. ಫೋನ್ ನಂಬರ್ ಇರಬೇಕಾದ ಜಾಗದಲ್ಲಿ ಮುಚ್ಚಿಡಲಾಗಿದೆ ಎಂಬ ಸಾಲು ಇತ್ತು. ಸಮಾಧಾನವಾಯಿತು.

ದುಡ್ಡು ಕಟ್ಟುವ ದಾರಿಯನ್ನು ನಾನು ದರದಷ್ಟೇ ಗಂಭೀರವಾಗಿ ನೋಡಿದೆ. ಪರದೇಶದ ಕಂಪನಿಗಳಲ್ಲಿ ಆಟೋ ರಿನ್ಯೂ ಒತ್ತಿ ನಿಶ್ಚಿಂತೆಯಿಂದ ಇರುವ ಹಾಗಿಲ್ಲ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ, ಕಾರ್ಡಿನಿಂದ ತಾನಾಗಿ ದುಡ್ಡು ಎಳೆಯಬೇಕಾದರೆ ನಾವು ಮೊದಲೇ ಇ-ಮ್ಯಾಂಡೇಟ್ ಎಂಬ ಒಪ್ಪಿಗೆ ಕೊಟ್ಟಿರಬೇಕು. ಆ ವ್ಯವಸ್ಥೆ ಇಟ್ಟುಕೊಳ್ಳದ ಕಂಪನಿಗೆ ನಮ್ಮ ಬ್ಯಾಂಕು ದುಡ್ಡು ಬಿಡುವುದಿಲ್ಲ. ಆಟೋ ರಿನ್ಯೂ ಇದೆ ಅಂತ ನಾವು ಸುಮ್ನೆ ಕೂತಿರುತ್ತೇವೆ, ಅತ್ತ ಪೇಮೆಂಟ್ ಫೇಲ್ ಆಗಿರುತ್ತದೆ. ನಾನು ಯುಪಿಐ ತಗೊಳ್ಳುವ, ಜಿಎಸ್‌ಟಿ ಬಿಲ್ ಕೊಡುವ ರಿಜಿಸ್ಟ್ರಾರ್ ಬಳಿ ಹೋದೆ. ವರ್ಷಕ್ಕೆ ಐವತ್ತು ರೂಪಾಯಿ ಜಾಸ್ತಿ ಆದರೂ ಪರವಾಗಿಲ್ಲ ಅಂದುಕೊಂಡೆ. ಕ್ಲೌಡ್‌ಫ್ಲೇರ್ ಲಾಭ ಇಟ್ಟುಕೊಳ್ಳದೆ ಸಗಟು ದರಕ್ಕೇ ಮಾರುತ್ತದೆ. ಆದರೆ ಡೊಮೇನ್ ಅಲ್ಲಿದ್ದರೆ, ಹೆಸರು ಎಲ್ಲಿಗೆ ಹೋಗಬೇಕು ಎಂದು ಹೇಳುವ ನೇಮ್‌ಸರ್ವರ್‌ಗಳೂ ಅವರದ್ದೇ ಆಗಿರಬೇಕು. ಅದು ಒಪ್ಪಿಗೆ ಇದ್ದವರಿಗೆ ಒಳ್ಳೆಯ ದಾರಿ. ನಾನು ತಗೊಂಡ ಕಂಪನಿಯ ಹೆಸರು ಇಲ್ಲಿ ಬರೆಯುವುದಿಲ್ಲ. ದರ ವರ್ಷಕ್ಕೊಮ್ಮೆ ಬದಲಾಗುತ್ತದೆ, ನೋಡುವ ಕ್ರಮ ಬದಲಾಗುವುದಿಲ್ಲ.

ಇನ್ನೊಂದು ಸಂಗತಿ, ಇದೇ ಎಲ್ಲಕ್ಕಿಂತ ದೊಡ್ಡದು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಒಬ್ಬರಿಗೆ ನಾನು ಪ್ಯಾಕೆಟ್ ಲೇಬಲ್ ಮಾಡಿಕೊಡುತ್ತೇನೆ. ಒಂದು ದಿನ ಅವರ ವೆಬ್‌ಸೈಟ್ ತೆರೆಯದೇ ಹೋಯಿತು. ಲೇಬಲ್ಲಿನ ಮೇಲೆ ಅದೇ ವಿಳಾಸ ಇತ್ತು.

‘ಕಾಕಾ, ಆ ಹೆಸರು ಯಾರ ಖಾತೆಯಾಗ ಐತ್ರಿ?’ ಎಂದು ಕೇಳಿದೆ.

‘ಖಾತೆ ಅಂದ್ರ? ರೊಕ್ಕ ಎಲ್ಲಾ ನಾನ ಕೊಟ್ಟೀನಲ್ಲಪಾ.’

‘ರೊಕ್ಕ ಕೊಟ್ಟಿದ್ದು ಖರೇರಿ. ಓಟಿಪಿ ಯಾರ ಫೋನಿಗೆ ಬರ್ತಿತ್ತು?’

ಓಟಿಪಿ ಬರುತ್ತಿದ್ದದ್ದು ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ ಫೋನಿಗೆ. ಅವನು ಊರು ಬಿಟ್ಟು ಪುಣೆಗೆ ಹೋಗಿದ್ದ, ನಂಬರ್ ಬದಲಾಗಿತ್ತು. ಮೋಸ ಮಾಡುವ ಉದ್ದೇಶ ಅವನಿಗೆ ಇರಲಿಲ್ಲ. ಹತ್ತಾರು ಗಿರಾಕಿಗಳ ಡೊಮೇನ್‌ಗಳನ್ನು ತನ್ನ ಒಂದೇ ಖಾತೆಯಲ್ಲಿ ಇಟ್ಟುಕೊಂಡಿದ್ದ, ಅಷ್ಟೇ. ಹೊಲವನ್ನು ಯಾರೇ ಉಳಲಿ, ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಯಾರ ಹೆಸರಿದೆಯೋ ಹೊಲ ಅವರದು. ಡೊಮೇನ್‌ಗೂ ಹಾಗೇ ರಿಜಿಸ್ಟ್ರಂಟ್ ಎಂಬ ಜಾಗ ಇದೆ. ಆ ಜಾಗದಲ್ಲಿ ಇರುವ ಹೆಸರೇ ಮಾಲೀಕ. ಹುಡುಗನ ಅಣ್ಣನ ಮೂಲಕ ಅವನನ್ನು ಹಿಡಿದು, ಡೊಮೇನ್ ರಿನ್ಯೂ ಮಾಡಿಸಿ, ಕಾಕಾರ ಹೆಸರಿಗೆ ಬದಲಿಸಿದೆವು. ಆ ಹುಡುಗ ಸಿಗದೇ ಇದ್ದಿದ್ದರೆ ಕಾಕಾರು ಎಲ್ಲಾ ಲೇಬಲ್ಲುಗಳನ್ನು ಮತ್ತೆ ಅಚ್ಚು ಹಾಕಿಸಬೇಕಿತ್ತು. ನಮ್ಮ ಭಾಗದಲ್ಲಿ ಎಷ್ಟು ಅಂಗಡಿ, ಎಷ್ಟು ಶಾಲೆ, ಎಷ್ಟು ಸಂಘಗಳ ಡೊಮೇನ್‌ಗಳು ಹೀಗೆ ಇನ್ನೊಬ್ಬರ ಖಾತೆಯಲ್ಲಿ ಇವೆಯೋ ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ. ವೆಬ್‌ಸೈಟ್ ಯಾರಿಂದ ಬೇಕಾದರೂ ಮಾಡಿಸಿ, ಡೊಮೇನ್ ಮಾತ್ರ ನಿಮ್ಮ ಫೋನ್, ನಿಮ್ಮ ಇಮೇಲ್ ಇಟ್ಟು ನೀವೇ ತಗೊಳ್ಳಿ.

ನನ್ನ ಖಾತೆಯನ್ನು ನಾನು ಹೀಗೆ ಕಟ್ಟಿದೆ. ರಿಜಿಸ್ಟ್ರಂಟ್ ಹೆಸರು ಆಧಾರ್‌ನಲ್ಲಿ ಇದ್ದ ಹಾಗೇ, ಅಕ್ಷರಕ್ಕೆ ಅಕ್ಷರ. ಡಾಟ್ ಇನ್‌ಗೆ ನನ್ನ ರಿಜಿಸ್ಟ್ರಾರ್ ಕೆವೈಸಿ ಕೇಳಿತು, ಹೆಸರು ಹೊಂದಿದ್ದರಿಂದ ತೊಂದರೆ ಆಗಲಿಲ್ಲ. ಖಾತೆಗೆ ಕೊಟ್ಟ ಇಮೇಲ್ ಆ ಡೊಮೇನ್‌ನದ್ದಲ್ಲ, ನನ್ನ ಹಳೆಯ ಜಿಮೇಲ್. ಡೊಮೇನ್ ನಿಂತುಹೋದರೆ ಅದರ ಮೇಲಿನ ಇಮೇಲೂ ನಿಲ್ಲುತ್ತದೆ. ಆಗ ರಿಜಿಸ್ಟ್ರಾರ್ ಕಳಿಸುವ ಎಚ್ಚರಿಕೆಯೇ ನಮಗೆ ಬರುವುದಿಲ್ಲ. ಎರಡು ಹಂತದ ಲಾಗಿನ್ ಹಾಕಿದೆ, ಅದರ ಬ್ಯಾಕಪ್ ಕೋಡ್‌ಗಳನ್ನು ಪ್ರಿಂಟ್ ತೆಗೆದು ಅಂಗಡಿಯ ಕಾಗದಪತ್ರದ ಫೈಲಿನಲ್ಲಿ ಇಟ್ಟೆ. ಹೆಸರು ಬೇರೆ ಕಂಪನಿಗೆ ಹೋಗದಂತೆ ತಡೆಯುವ ಟ್ರಾನ್ಸ್‌ಫರ್ ಲಾಕ್ ಆನ್ ಇದೆಯೇ ನೋಡಿದೆ. ಡಾಟ್ ಕಾಮ್ ತಗೊಂಡ ಮೇಲೆ ಇಮೇಲ್‌ಗೆ ಒಂದು ವೆರಿಫಿಕೇಶನ್ ಲಿಂಕ್ ಬರುತ್ತದೆ. 15 ದಿನದೊಳಗೆ ಒತ್ತದಿದ್ದರೆ ಡೊಮೇನ್ ನಿಲ್ಲಿಸಬಹುದು. ಜನ ಅದನ್ನು ಜಾಹೀರಾತು ಎಂದು ಬಿಟ್ಟುಬಿಡುತ್ತಾರೆ. ಬಂದ ಕೂಡಲೇ ಒತ್ತಿಬಿಡಿ.

ಬಿಟ್ಟು ಹೋಗುವುದು ಎಷ್ಟು ಸಲೀಸು ಎಂಬುದನ್ನೂ ಮೊದಲೇ ನೋಡಿದೆ. ಡಾಟ್ ಕಾಮ್ ನೋಂದಾಯಿಸಿದ ಮೊದಲ 60 ದಿನ ಬೇರೆ ಕಂಪನಿಗೆ ಒಯ್ಯಲು ಆಗುವುದಿಲ್ಲ. ಆಮೇಲೆ ಲಾಕ್ ತೆಗೆದು, ಆಥ್ ಕೋಡ್ ಎಂಬ ಗುಟ್ಟಿನ ಸಂಕೇತ ತಗೊಂಡು ಹೊಸ ಕಂಪನಿಗೆ ಕೊಟ್ಟರೆ ಆಯಿತು. ಒಯ್ಯುವಾಗ ಕಟ್ಟುವ ದುಡ್ಡಿಗೆ ಒಂದು ವರ್ಷದ ಅವಧಿ ಸೇರುತ್ತದೆ, ಅಂದರೆ ಅದು ದಂಡವಲ್ಲ. ಆ ಕೋಡ್ ಪ್ಯಾನೆಲ್‌ನಲ್ಲೇ ಒಂದು ಬಟನ್ ಒತ್ತಿದರೆ ಸಿಗಬೇಕು. ಕೋಡಿಗಾಗಿ ಫೋನ್ ಮಾಡಿ ಎನ್ನುವ ಕಂಪನಿಗಳನ್ನು ನನ್ನ ನೋಟ್‌ಬುಕ್ಕಿನಲ್ಲಿ ಅಲ್ಲೇ ಅಳಿಸಿದೆ.

ಹೆಸರು ಕೈಗೆ ಬಂದ ಮೇಲಿನ ಕೆಲಸ ಒಂದು ಸಂಜೆಯದು. ಪುಟ ಇರುವ ಸರ್ವರ್ ಬೇರೆ ಕಂಪನಿಯದು, ಬೇಕೆಂದೇ ಬೇರೆ ಇಟ್ಟೆ. ಹೆಸರು ಎಲ್ಲಿಗೆ ಹೋಗಬೇಕು ಎಂದು ಬರೆಯುವ ಡಿಎನ್‌ಎಸ್ ಪುಟದಲ್ಲಿ ಎ ರೆಕಾರ್ಡಿಗೆ ಸರ್ವರ್‌ನ ಐಪಿ ಸಂಖ್ಯೆ ಹಾಕಿದೆ. ಇಮೇಲ್‌ಗೆ ಎಂಎಕ್ಸ್ ರೆಕಾರ್ಡ್, ನಾನು ಕಳಿಸಿದ ಪತ್ರ ಸ್ಪ್ಯಾಮ್‌ಗೆ ಬೀಳದಿರಲು ಎಸ್‌ಪಿಎಫ್ ಮತ್ತು ಡಿಕಿಮ್ ಸಾಲುಗಳು. ಡಾಟ್ ಕಾಮ್ ತೆರೆದವರು ಡಾಟ್ ಇನ್‌ಗೆ ಹೋಗುವಂತೆ ಮಾಡಿದೆ. ನಾಳೆ ಸರ್ವರ್ ಕಂಪನಿ ಮುಚ್ಚಿದರೂ ಪುಟವನ್ನು ಬೇರೆ ಕಡೆ ಇಟ್ಟು ಎ ರೆಕಾರ್ಡಿನ ಆ ಒಂದು ಸಂಖ್ಯೆ ಬದಲಿಸಿದರೆ ಸಾಕು. ಅಚ್ಚಾದ ಪುಸ್ತಕಗಳ ಮೇಲಿನ ವಿಳಾಸ ಹಾಗೇ ನಡೆಯುತ್ತದೆ. ಇಷ್ಟಕ್ಕಾಗಿಯೇ ನಾನು ಇಷ್ಟೆಲ್ಲ ಮಾಡಿದ್ದು.

ರಿನ್ಯೂ ದಿನಾಂಕವನ್ನು ಫೋನಿನಲ್ಲೂ ಗೋಡೆಯ ಕ್ಯಾಲೆಂಡರಿನಲ್ಲೂ ಒಂದು ತಿಂಗಳು ಮೊದಲೇ ಗುರುತು ಹಾಕಿದ್ದೇನೆ. ಡಾಟ್ ಕಾಮ್ ಅವಧಿ ಮುಗಿದರೆ ರಿನ್ಯೂ ಮಾಡಲು ರಿಜಿಸ್ಟ್ರಾರ್‌ಗೆ ತಕ್ಕಂತೆ ಹೆಚ್ಚೆಂದರೆ 45 ದಿನದ ಬಿಡುವು ಇರುತ್ತದೆ. ಅಳಿಸಿಬಿಟ್ಟರೆ 30 ದಿನ ರಿಡೆಂಪ್ಶನ್ ಎಂಬ ಅವಧಿ. ಆಗ ವಾಪಸ್ ಪಡೆಯಲು ರಿನ್ಯೂವಲ್ ದರದ ಹಲವು ಪಟ್ಟು ಕೇಳುತ್ತಾರೆ. ಅದಾದ ಮೇಲೆ 5 ದಿನ, ಆಮೇಲೆ ಹೆಸರು ಎಲ್ಲರಿಗೂ ಮುಕ್ತ. ಹೆಸರು ಹಿಡಿದವರು ಆ ಡೊಮೇನ್‌ಗೆ ಬರುವ ಇಮೇಲ್‌ಗಳನ್ನೂ ಪಡೆಯಬಹುದು, ಬ್ಯಾಂಕಿನ ಪಾಸ್‌ವರ್ಡ್ ಬದಲಿಸುವ ಪತ್ರವೂ ಅದರಲ್ಲಿ ಸೇರಿತು. ಹೆಸರು ಗಟ್ಟಿ ಅನ್ನಿಸಿದವರು ಒಮ್ಮೆಗೇ 10 ವರ್ಷದವರೆಗೆ ಕಟ್ಟಬಹುದು. ನಾನು ಎರಡನೇ ವರ್ಷ ಐದು ವರ್ಷಕ್ಕೆ ಕಟ್ಟಿದೆ.

ಕನ್ನಡ ಅಕ್ಷರ ಕೂಡಿಸುವ ಕೆಲಸದವನಾಗಿ ಡಾಟ್ ಭಾರತ ಬಗ್ಗೆ ಹೇಳದೆ ಬಿಡಲಾರೆ. ನಿಕ್ಸಿ ಕನ್ನಡ ಲಿಪಿಯಲ್ಲೂ ‘.ಭಾರತ’ ಎಂಬ ಕೊನೆ ಕೊಡುತ್ತದೆ. ಹೆಸರೂ ಕನ್ನಡ, ಕೊನೆಯೂ ಕನ್ನಡ. ಒಳಗೆ ಯಂತ್ರಗಳು ಅದನ್ನು ಎಕ್ಸ್‌ಎನ್‌ನಿಂದ ಶುರುವಾಗುವ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಬದಲಿಸಿಕೊಳ್ಳುತ್ತವೆ. ಕೆಲವು ಕಡೆ ಆ ಸಾಲೇ ಹೊರಗೆ ಕಾಣುತ್ತದೆ, ಅರ್ಜಿ ತುಂಬುವ ಕೆಲವು ತಾಣಗಳು ಕನ್ನಡ ಇಮೇಲ್ ವಿಳಾಸ ಒಪ್ಪುವುದಿಲ್ಲ. ಅದಕ್ಕೆ ಇಮೇಲ್‌ಗೆ ಡಾಟ್ ಇನ್ ಇಟ್ಟುಕೊಂಡೆ, ಓದುಗರು ನೋಡುವ ಜಾಗಕ್ಕೆ ಕನ್ನಡದ್ದನ್ನು ತಗೊಂಡೆ. ಪುಸ್ತಕದ ಹಿಂಬದಿಯಲ್ಲಿ ಈಗ ಎರಡು ಸಾಲು ಹಾಕುತ್ತೇನೆ, ಮೇಲೆ ಕನ್ನಡದ ವಿಳಾಸ, ಕೆಳಗೆ ಇಂಗ್ಲಿಷಿನದು. ನನ್ನಲ್ಲಿ ಪುಸ್ತಕ ಮಾಡಿಸುವ ಪ್ರಕಾಶಕರಿಗೂ ನಿಮ್ಮ ಪ್ರಕಾಶನದ ಹೆಸರನ್ನು ಕನ್ನಡದಲ್ಲೇ ತಗೊಳ್ಳಿ, ಬೇರೆಯವರು ಹಿಡಿಯುವ ಮೊದಲು ತಗೊಳ್ಳಿ ಎಂದು ಹೇಳುತ್ತಿದ್ದೇನೆ. ಇಬ್ಬರು ಈಗಾಗಲೇ ತಗೊಂಡರು, ತಮ್ಮದೇ ಖಾತೆಯಲ್ಲಿ.